ಹುಷಾರಿಲ್ಲದವರ ಸಾಲು

ನಮ್ಮೂರಿನ ತಲೆ ಆಸ್ಪತ್ರೆಯ ಎದುರಿಗೇ ನನ್ನ ಲ್ಯಾಮಿನೇಷನ್ ಅಂಗಡಿ. ಆಸ್ಪತ್ರೆಗೆ ದೊಡ್ಡ ಹೆಸರೊಂದಿದೆ, ಬೋರ್ಡಿನ ಮೇಲೆ ಮೂರು ಸಾಲಿನಲ್ಲಿ ಬರೆಸಿದ್ದಾರೆ, ಅದನ್ನು ಪೂರ್ತಿ ಓದಿದವನು ಬರೆದ ಪೇಂಟರ್ ಒಬ್ಬನೇ ಇರಬೇಕು. ತಲೆ ಆಸ್ಪತ್ರೆ ಎಂದರೆ ಸಾಕು, ಆಟೋದವರು ತಂದು ಬಿಡುತ್ತಾರೆ. ಅಲ್ಲಿ ಚಿಕಿತ್ಸೆ ಬೇಕಾದವರು ಮಾರ್ಕ್ಸ್ ಕಾರ್ಡು ತೋರಿಸಬೇಕು, ಅದರಲ್ಲಿ ನೂರಕ್ಕೆ ಎಂಬತ್ತೈದಾದರೂ ಇರಬೇಕು, ಮತ್ತು ಕಾರ್ಡಿಗೆ ಲ್ಯಾಮಿನೇಷನ್ ಆಗಿರಬೇಕು. ಮೂರನೆಯ ನಿಯಮದಿಂದ ನನ್ನ ಮನೆಯ ಒಲೆ ಉರಿಯುತ್ತಿತ್ತು. ಹಾಗಾಗಿ ಮೊದಲಿನ ಎರಡರ ತಂಟೆಗೆ ನಾನು ಬಹಳ ವರ್ಷ ಹೋಗಲಿಲ್ಲ.

ಹುಚ್ಚು, ತಲೆ ಕೆಟ್ಟಿದೆ ಎಂಬ ಮಾತುಗಳನ್ನು ನಮ್ಮಲ್ಲಿ ಮರ್ಯಾದಸ್ಥರು ಆಡುವುದಿಲ್ಲ. ಪ್ರತಿಭೆ ಬಂತು ಎನ್ನುತ್ತಾರೆ. "ಮೇಲಿನ ಬೀದಿ ವಕೀಲರ ಮಗನಿಗೆ ಪ್ರತಿಭೆ ಬಂತಂತೆ, ಮೂರು ದಿನದಿಂದ ಬಾಗಿಲು ಹಾಕ್ಕೊಂಡು ಗೋಡೆ ಜೊತೆ ಮಾತಾಡ್ತಿದಾನಂತೆ" ಎಂದರೆ ಕೇಳಿದವರು ಅಯ್ಯೋ ಪಾಪ ಎನ್ನುವುದಿಲ್ಲ, "ಎಷ್ಟು ಪರ್ಸೆಂಟ್?" ಎನ್ನುತ್ತಾರೆ. ತೊಂಬತ್ತರ ಮೇಲೆ ತೆಗೆದ ಮಗು ನೆಟ್ಟಗೆ ಉಂಡು, ನೆಟ್ಟಗೆ ಮಲಗಿ, ಬೆಳಿಗ್ಗೆ ನಗುತ್ತಾ ಎದ್ದರೆ ತಂದೆತಾಯಿಗೆ ಬೀದಿಯಲ್ಲಿ ಮುಖವೆತ್ತಿ ತಿರುಗಲಾಗದು. ಕಾಪಿ ಹೊಡೆದಿರಬೇಕು ಎಂದು ನೆರೆಹೊರೆಯವರು ಪಿಸುಗುಟ್ಟುತ್ತಾರೆ. ಆಸ್ಪತ್ರೆಯ ಪ್ರತಿಭಾ ಪತ್ರವಿಲ್ಲದೆ ದೊಡ್ಡ ಕಾಲೇಜಿನವರು ಸೀಟು ಕೊಡುವುದಿಲ್ಲ, ಗಂಡಿನ ಕಡೆಯವರು ಜಾತಕಕ್ಕಿಂತ ಮೊದಲು ಅದನ್ನೇ ಕೇಳುತ್ತಾರೆ. ತಾಯಿಯೊಬ್ಬಳು ಆ ಪತ್ರಕ್ಕೆ ಅರಿಶಿನ ಕುಂಕುಮ ಹಚ್ಚಿಕೊಂಡೇ ನನ್ನ ಅಂಗಡಿಗೆ ಬಂದಿದ್ದಳು. ಮೆಷಿನ್ನಿನ ಬಿಸಿಗೆ ಕುಂಕುಮವೆಲ್ಲ ಡಾಕ್ಟರ ಸಹಿಯ ಮೇಲೆ ಹರಡಿಕೊಂಡಿತು. "ಇರಲಿ ಬಿಡಿ, ಶುಭ" ಎಂದಳು ಆ ಮಹಾತಾಯಿ.

ಇನ್ನು ಫೇಲಾದವರ ವಿಷಯ. ಅವರಿಗೆ ಇದೆಲ್ಲ ಬರುವುದಿಲ್ಲ. ಬಂದಂತೆ ಕಂಡರೆ ಅದಕ್ಕೆ ನಮ್ಮೂರಿನಲ್ಲಿ ಮೈಗಳ್ಳತನ ಎಂದು ಹೆಸರು.

ನನ್ನ ತಮ್ಮ ಬೋರಲಿಂಗ ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತು ಮೂರು ಸಲವೂ ಗಣಿತದಲ್ಲಿ ಹನ್ನೊಂದೇ ತೆಗೆದವನು. ಅಷ್ಟು ನಿಯತ್ತಿನ ಮನುಷ್ಯ. ಹಿಟ್ಟಿನ ಗಿರಣಿಯಲ್ಲಿ ಹದಿನಾಲ್ಕು ವರ್ಷ ದುಡಿದ, ಒಬ್ಬರ ರಾಗಿಯನ್ನು ಇನ್ನೊಬ್ಬರ ಡಬ್ಬಿಗೆ ಸೇರಿಸಿದವನಲ್ಲ. ಮೂವತ್ತೊಂದನೆಯ ವಯಸ್ಸಿನಲ್ಲಿ, ಯುಗಾದಿ ಕಳೆದ ಮೇಲೆ, ಅವನು ಮಾತು ಕಡಿಮೆ ಮಾಡಿದ. ಆಮೇಲೆ ಊಟ ಕಡಿಮೆಯಾಯಿತು. ಬೆಳಿಗ್ಗೆ ಬಚ್ಚಲಿಗೆ ಹೋದವನು ತಂಬಿಗೆಯಲ್ಲಿ ನೀರು ತುಂಬಿಕೊಂಡು ಅದನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ಸುಮ್ಮನೆ ಕೂತಿರುತ್ತಿದ್ದ. ಮೈಮೇಲೆ ಹೊಯ್ದುಕೊಳ್ಳುವಷ್ಟು ಮನಸ್ಸೂ ಅವನಲ್ಲಿ ಉಳಿದಿರಲಿಲ್ಲ. "ಏನಾಯ್ತದೋ ಲಿಂಗ, ಬಾಯಿ ಬಿಟ್ಟು ಹೇಳೋ" ಎಂದರೆ, "ಒಳಗೆ ಗಿರಣಿ ಆಫ್ ಮಾಡದ್ನ ಯಾರೋ ಮರ್ತವ್ರೆ ಕಣಕ್ಕ. ಕಾಳಿಲ್ಲ, ಬರೀ ಕಲ್ಲೇ ತಿರುಗ್ತಾ ಅದೆ" ಎಂದ. ಗಿರಣಿಯ ಸಾಹುಕಾರ, ಸೋಮಾರಿಗಳಿಗೆ ಕೊಡಲು ತನ್ನ ಹತ್ತಿರ ಕೆಲಸವಿಲ್ಲವೆಂದು ಅವನನ್ನು ಮನೆಗೆ ಕಳಿಸಿದ. ಆ ವಾರವೇ ಒಂದು ಸಂಜೆ, ಕೆರೆ ಏರಿಯ ಮೇಲೆ ಚಪ್ಪಲಿ ಪಕ್ಕಕ್ಕೆ ಬಿಟ್ಟು ನಿಂತಿದ್ದವನನ್ನು ಸೊಪ್ಪು ಮಾರುವವಳು ಕಂಡು, ಕೈ ಹಿಡಿದು ಮನೆಗೆ ಕರೆತಂದಳು. ಅಪ್ಪ ಅವ್ವ ಹೋದ ಮೇಲೆ ನನಗೆ ಅಂತ ಇರುವವನು ಅವನೊಬ್ಬ.

ಮಾರನೆಯ ದಿನ ಅವನನ್ನು ಕರೆದುಕೊಂಡು ರಸ್ತೆ ದಾಟಿದೆ. ಅವನ ಮಾರ್ಕ್ಸ್ ಕಾರ್ಡಿಗೆ ಹಿಂದಿನ ದಿನವೇ ಎರಡು ಸುತ್ತು ಲ್ಯಾಮಿನೇಷನ್ ಹಾಕಿದ್ದೆ, ದಪ್ಪ ಕಂಡರೆ ಗೌರವ ಹೆಚ್ಚಬಹುದೆಂಬ ಆಸೆ.

"ಇವನಿಗೆ ಹುಷಾರಿಲ್ಲ ಸಾರ್" ಎಂದೆ.

ಕೌಂಟರಿನ ಗುಮಾಸ್ತ ಕಾರ್ಡನ್ನು ಬೆಳಕಿಗೆ ಹಿಡಿದ. "ಗೊತ್ತಾಗುತ್ತಲ್ಲಮ್ಮ. ಗಣಿತ ಹನ್ನೊಂದು, ವಿಜ್ಞಾನ ಹತ್ತೊಂಬತ್ತು. ಹುಷಾರಿಲ್ಲ ಅಂತ ಪರೀಕ್ಷಾ ಮಂಡಳಿಯವರೇ ಬರೆದುಕೊಟ್ಟಿದಾರೆ."

"ಅಂಗಲ್ಲ ಸಾರ್. ಮನಸ್ಸಿಗೆ ಹುಷಾರಿಲ್ಲ."

"ನೋಡಿ, ಇಲ್ಲಿಗೆ ಬರೋರೆಲ್ಲ ಹುಷಾರಾಗಿರೋ ಮಕ್ಕಳು. ಹುಷಾರಾಗಿರೋರಿಗೆ ತಾನೇ ಹುಷಾರು ತಪ್ಪೋದು? ಇವನ ಹತ್ರ ತಪ್ಪೋಕೆ ಏನಿದೆ ಹೇಳಿ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಲಿಂಗ ಕೂಡ ಒಂದು ಚೂರು ನಕ್ಕ, ಅವನಿಗೆ ಜಗಳ ಬೇಡ. ಗುಮಾಸ್ತ ಕೆಟ್ಟವನಲ್ಲ, ಕಾರ್ಡಿನ ನಕಲಿನ ಮೇಲೆ 'ಅನರ್ಹ' ಎಂದು ಮುದ್ರೆ ಒತ್ತುತ್ತಾ ದಾರಿಯನ್ನೂ ತೋರಿಸಿದ. ಮುಂದಿನ ಮಾರ್ಚಿನಲ್ಲಿ ಮತ್ತೆ ಪರೀಕ್ಷೆಗೆ ಕೂರಲಿ, ಎಂಬತ್ತೈದು ತರಲಿ, ಅಷ್ಟು ಹೊತ್ತಿಗೂ ಈ ಲಕ್ಷಣಗಳು ಹೀಗೇ ಇದ್ದರೆ ಡಾಕ್ಟರು ಖಂಡಿತ ನೋಡುತ್ತಾರೆ. ಕನ್ನಡದಲ್ಲಿ ಜಾಣತನಕ್ಕೂ ಆರೋಗ್ಯಕ್ಕೂ ಹುಷಾರು ಎಂಬ ಒಂದೇ ಮಾತನ್ನು ಹುಟ್ಟಿಸಿದವನು ಯಾರೋ, ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದರೆ ಅವನನ್ನೇ ಮೆಷಿನ್ನಿಗೆ ಹಾಕುತ್ತಿದ್ದೆ.

ನಾನು ಕಣ್ಣೊರೆಸಿಕೊಂಡು ತಿರುಗುವಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದ ಲಿಂಗನ ಸುತ್ತ ಒಬ್ಬರು ಪ್ರದಕ್ಷಿಣೆ ಹಾಕುತ್ತಿದ್ದರು. ಅಶ್ವತ್ಥಯ್ಯ ಮೇಷ್ಟ್ರು. ಪೇಟೆಯಲ್ಲಿ ಅವರ 'ಲಕ್ಷಣ ತರಗತಿ' ಬಹಳ ಹೆಸರುವಾಸಿ. ರ‍್ಯಾಂಕು ಬಂದೂ ಪ್ರತಿಭೆ ಬಾರದ ನತದೃಷ್ಟ ಮಕ್ಕಳಿಗೆ ಮೂರು ತಿಂಗಳಲ್ಲಿ ಅದನ್ನು ಕಲಿಸಿ, ಡಾಕ್ಟರ ಸಂದರ್ಶನಕ್ಕೆ ತಯಾರು ಮಾಡುತ್ತಾರೆ.

"ಎಷ್ಟು ಸಹಜವಾಗಿ ಕೂತಿದಾನೆ ನೋಡಿ!" ಎಂದರು ಮೇಷ್ಟ್ರು, ಬಾಯಲ್ಲಿ ನೀರೂರಿದವರಂತೆ. "ಆ ಭುಜ ನೋಡಿ, ಆ ದೃಷ್ಟಿ ನೋಡಿ. ನನ್ನ ಹುಡುಗರಿಗೆ ಆರು ವಾರ ಹೇಳಿಕೊಟ್ರೂ ಈ ಭುಜ ಬರಲ್ಲ. ಎಲ್ಲಿ ಕಲಿತ?"

"ಕಲ್ತಿಲ್ಲ ಸಾರ್. ಅವನಿಗೆ ನಿಜವಾಗ್ಲೂ ಅದೆ."

"ಎಸ್ಸೆಸ್ಸೆಲ್ಸಿ ಫೇಲಾದವನಿಗೆ ನಿಜವಾಗ್ಲೂ ಹೇಗಿರುತ್ತಮ್ಮ? ಆದ್ರೂ ಅಭಿನಯ ಅದ್ಭುತ. ನನ್ನ ತರಗತೀಲಿ ದಿನಾ ಎರಡು ಗಂಟೆ ಕೂರಿಸಿ. ಡಾಕ್ಟ್ರಿಗೆ ನಾನು ಬಹಳ ಬೇಕಾದವನು, ಇವನ ವಿಷಯ ಒಂದು ಮಾತು ಹಾಕ್ತೀನಿ."

ಆ ಒಂದು ಮಾತಿನ ಆಸೆಗೆ ನಾನು ಒಪ್ಪಿದೆ. ಮುಳುಗುವವಳಿಗೆ ಏನು ಸಿಕ್ಕರೂ ಹಿಡಿದುಕೊಳ್ಳುವ ಅವಸರ.

ಹೀಗೆ ಮೂರು ಸಲ ಫೇಲಾದ ನನ್ನ ತಮ್ಮ ರ‍್ಯಾಂಕ್ ವಿದ್ಯಾರ್ಥಿಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತ. ಅವನು ಏನನ್ನೂ ಮಾಡುತ್ತಿರಲಿಲ್ಲ, ಮಾಡಲು ಆಗುತ್ತಲೂ ಇರಲಿಲ್ಲ, ಅದೇ ಪಾಠ. ಒಂದು ದಿನ ಕಿಟಕಿಯಲ್ಲಿ ಇಣುಕಿದೆ. ಮೂವತ್ತು ಮಕ್ಕಳು ನೋಟ್‌ಬುಕ್ ಹಿಡಿದು ಅವನು ನಿಮಿಷಕ್ಕೆ ಎಷ್ಟು ಸಲ ರೆಪ್ಪೆ ಬಡಿಯುತ್ತಾನೆಂದು ಎಣಿಸುತ್ತಿದ್ದರು. "ನಿಟ್ಟುಸಿರು ಮೂಗಿಂದ, ಬಾಯಿಂದ ಅಲ್ಲ, ಬರ್ಕೊಳ್ಳಿ" ಎನ್ನುತ್ತಿದ್ದರು ಮೇಷ್ಟ್ರು. ಲಿಂಗನ ಕಣ್ಣಿನಿಂದ ಒಂದು ಹನಿ ಜಾರಿತು. ಮುಂದಿನ ಬೆಂಚಿನ ಹುಡುಗ ಕೈಯೆತ್ತಿ, "ಸಾರ್, ಇದು ಕಡ್ಡಾಯನಾ, ಆಯ್ಕೆಗೆ ಬಿಟ್ಟಿದ್ದಾ?" ಎಂದು ಕೇಳಿದ. ನಾನು ನಕ್ಕೆ. ನಕ್ಕಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಗಿ ಅಂಗಡಿಗೆ ವಾಪಸಾದೆ.

ಆ ತರಗತಿಯಲ್ಲಿ ನೋಟ್‌ಬುಕ್ ತೆರೆಯದೆ ಕೂತಿದ್ದವಳು ಒಬ್ಬಳೇ. ಪ್ರಿನ್ಸಿಪಾಲ್ ಜಯತೀರ್ಥರ ಮಗಳು ಇಂದುಮತಿ. ಊರಿಗೇ ಮೊದಲನೆಯವಳು, ತೊಂಬತ್ತೆಂಟೂವರೆ. ಅವಳ ಕಾರ್ಡನ್ನು ಲ್ಯಾಮಿನೇಟ್ ಮಾಡುವ ಮೊದಲು ಮೆಷಿನ್ನನ್ನು ಎರಡು ಸಲ ಒರೆಸಿದ್ದೆ, ಎಲ್ಲಿ ಗುಳ್ಳೆ ಬಂದೀತೋ ಎಂದು. ತೊಂಬತ್ತೆಂಟೂವರೆ ತೆಗೆದ ಮಗಳಿಗೆ ಒಂದಿಷ್ಟೂ ಪ್ರತಿಭೆ ಬಂದಿಲ್ಲವೆಂದು ಜಯತೀರ್ಥರು ಆರು ತಿಂಗಳಿಂದ ಕ್ಲಬ್ಬಿಗೆ ಹೋಗುವುದನ್ನೇ ಬಿಟ್ಟಿದ್ದರು. ಆ ಹುಡುಗಿ ಲಿಂಗನ ಕಾಲ ಹತ್ತಿರ ಚಾಪೆಯ ಮೇಲೆ ಕೂತು, ತರಗತಿ ಮುಗಿದ ಮೇಲೂ ಅವನ ಜೊತೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು. ಅವನು ನನ್ನ ಹತ್ತಿರ ಹೇಳದ್ದನ್ನು ಅವಳ ಹತ್ತಿರ ಹೇಳುತ್ತಿದ್ದ. ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಸಂದರ್ಶನದ ದಿನ ಬಂತು. ದೊಡ್ಡ ಡಾಕ್ಟರು ಶಾಂತವೀರಪ್ಪನವರು, ಎಂಟು ಚಿನ್ನದ ಪದಕದವರು, ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ರೆಪ್ಪೆ ಎಣಿಸಿದವರೆಲ್ಲ ರೆಪ್ಪೆ ಬಡಿದು ಬಂದರು. ಇಂದುಮತಿ ಮುಕ್ಕಾಲು ಗಂಟೆ ಒಳಗಿದ್ದಳು. ಡಾಕ್ಟರು ತಾವೇ ಎದ್ದು ಬಾಗಿಲ ತನಕ ಬಂದು, ಇಂಥ ಪ್ರತಿಭೆಯನ್ನು ತಮ್ಮ ಇಪ್ಪತ್ತು ವರ್ಷದ ಸೇವೆಯಲ್ಲಿ ಕಂಡಿಲ್ಲವೆಂದು ಎಲ್ಲರ ಮುಂದೆ ಸಾರಿದರಂತೆ. ವಾರಕ್ಕೊಮ್ಮೆ ಬಂದು ಮಾತಾಡಬೇಕು, ತಪ್ಪದೆ ಮಾತ್ರೆ ತೆಗೆದುಕೊಳ್ಳಬೇಕು ಎಂದಾಯಿತು. ಜಯತೀರ್ಥರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ನನ್ನ ಪಾಲಿನ ತುಂಡನ್ನು ನಾನೂ ತಿಂದೆ.

ಸಂಜೆ ಆ ಹುಡುಗಿ ಪ್ರತಿಭಾ ಪತ್ರ ಹಿಡಿದು ಅಂಗಡಿಗೆ ಬಂದಳು. ಪತ್ರದ ಜೊತೆ ಒಂದು ಕಾಗದದ ಪೊಟ್ಟಣವನ್ನೂ ಗಲ್ಲಾದ ಮೇಲಿಟ್ಟಳು.

"ತುಂಗಕ್ಕ, ಇದು ಲಿಂಗಣ್ಣನಿಗೆ. ನಾನು ಡಾಕ್ಟರ್ ಹತ್ರ ಹೇಳಿದ್ದೆಲ್ಲ ಅವರದ್ದೇ. ನಿದ್ದೆ, ಊಟ, ಕೆರೆ ಏರಿ, ಎಲ್ಲಾನೂ ನಂದು ಅಂತ ಹೇಳಿದೆ. ವಯಸ್ಸು ತೂಕಕ್ಕೆ ಹೆಚ್ಚುಕಮ್ಮಿ ಆಗಬಾರದು ಅಂತ, ಬೆಳೆದ ಗಂಡಸಿಗಾದ್ರೆ ಎಷ್ಟು ಅಂತಲೂ ಕೇಳಿಕೊಂಡು ಬಂದಿದೀನಿ, ಕುತೂಹಲಕ್ಕೆ ಅನ್ನೋ ಹಾಗೆ."

ನಾನು ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ನೀನು ನಮ್ಮ ಪಾಲಿನ ದೇವರು ಕಣವ್ವ ಎಂದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ಅಲ್ಲಿಂದ ಪ್ರತಿ ಬುಧವಾರ ಇದೇ ನಡೆಯಿತು. ಮಂಗಳವಾರ ಲಿಂಗ ತನಗೆ ಹೇಗಿದೆಯೆಂದು ಅವಳಿಗೆ ಹೇಳುವುದು, ಬುಧವಾರ ಅವಳು ಅದನ್ನು ತನ್ನದೆಂದು ಡಾಕ್ಟರಿಗೆ ಒಪ್ಪಿಸುವುದು, ಮಧ್ಯಾಹ್ನ ಮಾತ್ರೆ ಮತ್ತು ಚೀಟಿ ನನ್ನ ಅಂಗಡಿಗೆ ಬರುವುದು. ಚೀಟಿಯಲ್ಲಿ ಬೆಳಿಗ್ಗೆ ನಡೆಯಿರಿ, ನಂಬಿಕೆಯವರ ಹತ್ತಿರ ಮಾತಾಡಿ ಎಂದೆಲ್ಲ ಇರುತ್ತಿತ್ತು. ಒಮ್ಮೆ, ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಭೌತಶಾಸ್ತ್ರ ಓದಕೂಡದು ಎಂದೂ ಬರೆದಿತ್ತು. ಲಿಂಗ ಅದನ್ನು ಚಾಚೂ ತಪ್ಪದೆ ಪಾಲಿಸಿದ.

ಎರಡು ತಿಂಗಳಾಗುವಷ್ಟರಲ್ಲಿ ಅವನು ತಂಬಿಗೆ ಹಿಡಿದು ಕೂರುವುದನ್ನು ಬಿಟ್ಟು ಸ್ನಾನ ಮಾಡತೊಡಗಿದ. ಮೂರನೆಯ ತಿಂಗಳು ಒಂದು ಬೆಳಿಗ್ಗೆ, "ಅಕ್ಕ, ಚಟ್ನಿಗೆ ಉಪ್ಪು ಕಮ್ಮಿ" ಎಂದ. ನಾನು ಅಡುಗೆಮನೆಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತು ಅತ್ತುಬಿಟ್ಟೆ. ಎಷ್ಟೋ ತಿಂಗಳಿಂದ ಅವನಿಗೆ ಉಪ್ಪಿದೆಯೋ ಇಲ್ಲವೋ ಎಂಬುದೇ ಗೊತ್ತಾಗುತ್ತಿರಲಿಲ್ಲ. ಅಶ್ವತ್ಥಯ್ಯ ಮೇಷ್ಟ್ರು ಮಾತ್ರ ತಲೆ ತಲೆ ಚಚ್ಚಿಕೊಂಡರು. "ಅಭಿನಯ ಕೆಟ್ಟು ಹೋಯ್ತು ಇವನದು. ಭುಜ ನೆಟ್ಟಗಾಗಿದೆ, ಮಧ್ಯೆ ಮಧ್ಯೆ ನಗ್ತಾನೆ, ಮಕ್ಕಳ ಭವಿಷ್ಯದ ಪ್ರಶ್ನೆ" ಎಂದು ಅವನನ್ನು ಬಿಡಿಸಿದರು. ಡಾಕ್ಟರ ಹತ್ತಿರ ಹಾಕಬೇಕಿದ್ದ ಆ ಒಂದು ಮಾತು ಅವರ ಬಾಯಲ್ಲೇ ಉಳಿಯಿತು. ಊರವರು, ನೋಡಿದಿರಾ, ಬರೀ ಮೈಗಳ್ಳತನ, ಅಕ್ಕ ಗದರಿದ ಮೇಲೆ ಸರಿಹೋದ ಎಂದು ತೀರ್ಮಾನಿಸಿದರು. ಲಿಂಗ ನನ್ನ ಅಂಗಡಿಯಲ್ಲೇ ಕಾರ್ಡುಗಳ ಅಂಚು ಕತ್ತರಿಸುವ ಕೆಲಸಕ್ಕೆ ನಿಂತ.

ಇಂದುಮತಿ ಬುಧವಾರ ತಪ್ಪಿಸುತ್ತಿರಲಿಲ್ಲ. ಸ್ವಲ್ಪ ಇಳಿದುಹೋಗಿದ್ದಳು, ಒಂದು ದಿನ ಕುರ್ತಾ ಒಳಗು ಹೊರಗಾಗಿ ಹಾಕಿಕೊಂಡೇ ಬಂದಿದ್ದಳು. ಇನ್ನೊಂದು ದಿನ ಪೊಟ್ಟಣ ಕೊಟ್ಟು, ಹೋಗುವುದನ್ನೇ ಮರೆತವಳಂತೆ ಹತ್ತು ನಿಮಿಷ ಗಲ್ಲಾ ಹಿಡಿದು ನಿಂತಿದ್ದಳು. ಡಾಕ್ಟರ ಮುಂದೆ ಹೋಗುವವಳಲ್ಲವೇ, ಪಾತ್ರದೊಳಗೆ ಚೆನ್ನಾಗಿ ಇಳಿದಿದ್ದಾಳೆ ಎಂದುಕೊಂಡೆ. ಬಿಡು, ರ‍್ಯಾಂಕಿನವರು ಏನು ಮಾಡಿದರೂ ಅಚ್ಚುಕಟ್ಟು ಎಂದು ಮನಸ್ಸಿನಲ್ಲೇ ಮೆಚ್ಚಿದೆ.

ನಾವು ಮೂವರೂ ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದು ಒಂದಿತ್ತು. ಲಿಂಗ ಸುಧಾರಿಸಿದಂತೆಲ್ಲ ಅವನು ಮಂಗಳವಾರ ಹೇಳುವುದೂ ಸುಧಾರಿಸುತ್ತಿತ್ತು. ನಿದ್ದೆ ಬಂತು ಎಂದರೆ ಅವಳು ನಿದ್ದೆ ಬಂತೆನ್ನುವಳು, ಚಟ್ನಿ ರುಚಿಸಿತು ಎಂದರೆ ಚಟ್ನಿ ರುಚಿಸಿತೆನ್ನುವಳು. ಕೇಳುತ್ತಾ ಕೇಳುತ್ತಾ ಡಾಕ್ಟರು ಉಬ್ಬಿಹೋದರು. ಆರನೆಯ ತಿಂಗಳಿಗೆ ಟೌನ್‌ಹಾಲಿನಲ್ಲಿ ಗುಣಮುಖರ ಸನ್ಮಾನವಿಟ್ಟು, ಇಂದುಮತಿಗೆ ಶಾಲು ಹೊದಿಸಿದರು. ಬುದ್ಧಿವಂತರು ಕೆಡುವುದೂ ಬೇಗ, ರಿಪೇರಿಯಾಗುವುದೂ ಬೇಗ ಎಂದು ಭಾಷಣ ಮಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದವಳು ನಡುವೆಯೇ ನಿಲ್ಲಿಸಿದೆ. ಅವಳು ಗುಣವಾದರೆ ಬುಧವಾರದಿಂದ ಮಾತ್ರೆ ಇಲ್ಲ. ಮಾತ್ರೆ ಇಲ್ಲದಿದ್ದರೆ ನನ್ನ ತಮ್ಮ ಮತ್ತೆ ಕೆರೆ ಏರಿಗೆ ಹೋಗುತ್ತಾನೆ. ಅಲ್ಲಿಂದಾಚೆ ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು 'ಸಂಪೂರ್ಣ ಗುಣಮುಖ' ಎಂಬ ಪತ್ರ ಹಿಡಿದು ಲ್ಯಾಮಿನೇಷನ್ನಿಗೆ ಬಂದಳು. ಲಿಂಗ ಒಳಗೆ ಅಂಚು ಕತ್ತರಿಸುತ್ತಿದ್ದ. ನಾನು ಪತ್ರ ಮುಟ್ಟಲಿಲ್ಲ.

"ಇಂದವ್ವ, ನಿನ್ನ ಕಾಲಿಗೆ ಬೀಳ್ತೀನಿ" ಎಂದೆ. "ಇನ್ನೊಂದು ಆರು ತಿಂಗಳು ಹುಚ್ಚಿಯಾಗಿರವ್ವ. ಮತ್ತೆ ತಿರುಗಿ ಬಂತು ಅಂತ ಹೇಳು. ನಿಂಗೇನು ಕಷ್ಟ, ಎಂಗೂ ಚೆನ್ನಾಗಿ ಮಾಡ್ತೀಯ."

ಅವಳು ನನ್ನನ್ನು ನೋಡಿದಳು. ನಗಲು ಹೋದಳು, ಬಾಯಿ ಒಂದು ಕಡೆಗೆ ಎಳೆಯಿತು ಅಷ್ಟೆ.

"ನಾನು ಮಾಡ್ತಾ ಇರಲಿಲ್ಲ ತುಂಗಕ್ಕ" ಎಂದಳು.

"ಅಂದ್ರೆ?"

"ನಂಗೂ ಎರಡು ವರ್ಷದಿಂದ ಬೆಳಗಾಗೋದೇ ಬೇಡ ಅನ್ಸುತ್ತೆ. ಅಪ್ಪನ ಹತ್ರ ಒಂದ್ಸಲ ಹೇಳಿದೆ, ಹುಷಾರಿಲ್ಲ ಅಪ್ಪ ಅಂತ. ನಿನ್ನಷ್ಟು ಹುಷಾರು ಈ ಜಿಲ್ಲೇಲೇ ಯಾರೂ ಇಲ್ಲ ಅಂದ್ರು. ಆಮೇಲೆ ಗೊತ್ತಾಯ್ತು, ಇದು ಹೊರಗೆ ಬಂದ್ರೆ ಎಲ್ಲರೂ ಖುಷಿ ಪಡ್ತಾರೆ, ಬೀದಿಗೆಲ್ಲ ಸ್ವೀಟ್ ಹಂಚ್ತಾರೆ ಅಂತ. ಅದನ್ನ ಯೋಚನೆ ಮಾಡಿದ್ರೇನೇ ಭಯ ಆಗ್ತಿತ್ತು. ಅದಕ್ಕೇ ಬಚ್ಚಿಟ್ಕೊಂಡೆ. ಎಲ್ಲರೂ ಅಷ್ಟು ಆಸೆಪಡೋ ವಸ್ತು ನೋವು ಹೇಗಾಗುತ್ತೆ, ನಾನೇ ಕಲ್ಪಿಸ್ಕೋತಿದೀನೇನೋ ಅಂತಲೂ ಅನ್ನಿಸ್ತು. ಲಿಂಗಣ್ಣಂಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರದು ನಿಜ ಅಂತ ನಂಗೆ ಖಾತ್ರಿ ಇತ್ತು. ಸಂದರ್ಶನದ ದಿನ ನಂದು ಹೇಳೋಣ ಅಂತಲೇ ಒಳಗೆ ಹೋದೆ. ಬಾಯಿ ತೆಗೆದ್ರೆ ಅವರದು ಬಂತು."

ಆರು ತಿಂಗಳು, ಇಪ್ಪತ್ತಾರು ಬುಧವಾರ ಆ ಮಗು ನನ್ನ ಗಲ್ಲಾದ ಮುಂದೆ ಬಂದು ನಿಂತಿತ್ತು. ಲಿಂಗನಿಗೆ ಏನೆಂದರು, ಲಿಂಗನ ಮಾತ್ರೆ ಎಷ್ಟು ಎಂದು ಕೇಳಿದ್ದೆನೇ ಹೊರತು ನಿನಗೆ ಹೇಗಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ತೊಂಬತ್ತೆಂಟೂವರೆಯವರಿಗೆ ಅದೆಲ್ಲ ವೇಷ ಎಂದು ನನ್ನ ಮನಸ್ಸಿನೊಳಗೂ ಒಬ್ಬ ಗುಮಾಸ್ತ ಕೂತು ಮುದ್ರೆ ಒತ್ತಿಬಿಟ್ಟಿದ್ದ. ನನಗೆ ಆಗ ಆದ ನಾಚಿಕೆಯನ್ನು ಇವತ್ತಿಗೂ ನುಂಗಲಾಗಿಲ್ಲ.

ಲಿಂಗ ಕತ್ತರಿ ಕೆಳಗಿಟ್ಟು ಹೊರಗೆ ಬಂದ. "ಅಂಗಾರೆ ನಾನು ಇಷ್ಟು ದಿನ ತಿಂದಿದ್ದು ನಿನ್ ಮಾತ್ರೇನಾ?" ಎಂದ.

ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು, ಸದ್ದೇ ಇಲ್ಲದೆ. ಲಿಂಗ ಅವಳ ಕೈ ಹಿಡಿದು ಎಬ್ಬಿಸಿ, ಕಾರು ಲಾರಿ ಒಂದನ್ನೂ ನೋಡದೆ ರಸ್ತೆ ದಾಟಿಸಿದ. ನಾನು ಅಂಗಡಿ ತೆರೆದಿಟ್ಟೇ ಹಿಂದೆ ಓಡಿದೆ.

ಕೌಂಟರಿನ ಮುಂದೆ ಹೊಸ ರ‍್ಯಾಂಕಿನವರ ದೊಡ್ಡ ಸಾಲು, ಪ್ರತಿಯೊಬ್ಬರ ಹಿಂದೆ ತಂದೆತಾಯಿ. ಗುಮಾಸ್ತ ಕಡತದಲ್ಲಿ ಬೆರಳಾಡಿಸಿ, "ಇವರು ನಿನ್ನೆ ತಾನೇ ಗುಣವಾಗಿದಾರೆ. ಮತ್ತೆ ಸೇರಬೇಕ? ಹೊಸ ರ‍್ಯಾಂಕ್ ತರಬೇಕಾಗುತ್ತೆ" ಎಂದ. ಅಷ್ಟರಲ್ಲಿ ಒಳಗಿನಿಂದ ಡಾಕ್ಟರು ಶಾಂತವೀರಪ್ಪನವರೇ ಹೊರಬಂದರು. ಇಂದುಮತಿಯನ್ನು ಕಂಡರು. ಅವಳು ಈಗ ಗೋಡೆಗೊರಗಿ ನೆಲದ ಮೇಲೆ ಕುಸಿದಿದ್ದಳು, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಮೂಗು ಸೋರುತ್ತಿತ್ತು, ಒರೆಸಿಕೊಳ್ಳುವ ಪರಿವೆ ಇರಲಿಲ್ಲ. ಡಾಕ್ಟರ ಮುಖ ಅರಳಿತು.

"ನೋಡಿ, ಎಲ್ಲರೂ ನೋಡಿ!" ಎಂದು ಸಾಲಿನ ಕಡೆ ತಿರುಗಿದರು. "ನಿಜವಾದ ಪ್ರತಿಭೆ ಅಂದ್ರೆ ಇದು! ಹೋದ ಮೇಲೂ ಮರಳಿ ಬರುತ್ತೆ!"

ಅವರೇ ಮೊದಲು ಚಪ್ಪಾಳೆ ತಟ್ಟಿದರು. ಗುಮಾಸ್ತ ಎದ್ದು ನಿಂತು ತಟ್ಟಿದ. ಆಮೇಲೆ ಇಡೀ ಸಾಲು ತಟ್ಟಿತು. ತಾಯಂದಿರು ತಮ್ಮ ಮಕ್ಕಳ ಬೆನ್ನು ತಿವಿದು ಮುಂದೆ ತಳ್ಳುತ್ತಿದ್ದರು, ಹತ್ತಿರದಿಂದ ನೋಡಿಕೊಳ್ಳಲಿ ಎಂದು. ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು. ಅದಕ್ಕೂ ಚಪ್ಪಾಳೆ ಬಿತ್ತು.

"ಏಯ್, ನಿಲ್ಸ್ರೀ!"

ಕೂಗಿದವನು ಲಿಂಗ. ಹದಿನಾಲ್ಕು ವರ್ಷ ಗಿರಣಿಯ ಸದ್ದಿನಲ್ಲೂ ದನಿ ಎತ್ತದಿದ್ದ ನನ್ನ ತಮ್ಮ. "ಹುಡುಗಿ ಅಳ್ತಾ ಅವ್ಳೆ, ಕಾಣಾಕಿಲ್ವಾ ನಿಮ್ಗೆ?"

ಚಪ್ಪಾಳೆ ನಿಂತಿತು. ಅವನು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಮನೆಗೆ ಓಗುಮಾ?" ಎಂದ.

ಅವಳು ತಲೆ ಅಲ್ಲಾಡಿಸಿ ನನ್ನ ಸೆರಗು ಹಿಡಿದುಕೊಂಡಳು. "ಬೇಡ ತುಂಗಕ್ಕ. ನಂಗೆ ಡಾಕ್ಟ್ರು ಬೇಕು. ಯಾರಾದ್ರೂ ಒಬ್ಬ ಡಾಕ್ಟ್ರನ್ನ ಕರೀರಿ."

ಶಾಂತವೀರಪ್ಪನವರು ಮೊಳ ದೂರದಲ್ಲೇ ನಿಂತಿದ್ದರು.